ಹತ್ತು ಮೆಮೊರಿ ಚಿಪ್‌ಗಳ ಪೈಪೋಟಿ

ಆ ದಿನ ಕಂಪ್ಯೂಟರ್ ರಿಪೇರಿಯಣ್ಣ ಒಂದೇ ಒಂದು ಫೋನ್ ಮಾಡಿ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ತಲೆ ಓಡುವವರು ಸುಮ್ಮನಿರುವುದುಂಟೇ?

ಸಂಜೆ ಐದರೊಳಗೆ ಶಾಲೆಯ ಹತ್ತು ಕಂಪ್ಯೂಟರ್‌ಗಳಿಗೆ ಇನ್ನೊಂದೊಂದು ಮೆಮೊರಿ ಚಿಪ್ ಹಾಕಿಕೊಟ್ಟರೆ ವರ್ಷಪೂರ್ತಿ ಶಾಲೆಯ ರಿಪೇರಿ ಕೆಲಸ ಅವನದೇ ಎಂದು ಹೆಡ್‌ಮಿಸ್ಟ್ರೆಸ್ ಮಾತು ಕೊಟ್ಟಿದ್ದರು. ಆದರೆ ಚಿಪ್ ಕಾರ್ಖಾನೆಗಳೆಲ್ಲ ದೊಡ್ಡ ದೊಡ್ಡ ಎಐ ಯಂತ್ರಗಳ ಹಿಂದೆ ಬಿದ್ದು, ಮಾಮೂಲಿ ಕಂಪ್ಯೂಟರ್‌ಗಳ ಚಿಪ್‌ಗೆ ಬರ ಬಂದಿತ್ತು. ಊರಲ್ಲಿ ಅಷ್ಟಿಷ್ಟು ಮಾಲು ಇದ್ದದ್ದು ಒಬ್ಬ ಹೋಲ್‌ಸೇಲ್ ಸಾಹುಕಾರನ ಹತ್ತಿರ. ಬೆಳಿಗ್ಗೆ ಅವನು ಹೇಳಿದ ರೇಟು ಒಂದಕ್ಕೆ ಎರಡು ಸಾವಿರ.

“ಹತ್ತು ಬೇಕು ಅಂದ್ರೆ ಏರಿಸ್ತಾನೆ. ನೀವಿಬ್ರೂ ಗಿರಾಕಿಗಳ ಥರ ಫೋನ್ ಮಾಡಿ, ‘ಜಾಸ್ತಿ ಆಯ್ತು, ಬೇಡ’ ಅನ್ನಿ. ತಾನೇ ಇಳಿಸ್ತಾನೆ,” ಎಂದು ರಿಪೇರಿಯಣ್ಣ ಹೆಂಡತಿಗೂ ಪಕ್ಕದಂಗಡಿಯ ಟೈಲರಿಗೂ ಪಾಠ ಹೇಳಿದ.

ಸಾಹುಕಾರ ಎರಡೂವರೆ ಸಾವಿರ ಎಂದಾಗ ಹೆಂಡತಿ ಗಾಬರಿಯಲ್ಲಿ “ಅಷ್ಟೇನಾ?” ಎಂದುಬಿಟ್ಟಳು. ಟೈಲರಂತೂ ಎದೆಯುಬ್ಬಿಸಿ, “ರೇಟ್ ಎಷ್ಟಾದ್ರೂ ಪರವಾಗಿಲ್ಲ, ನಮ್ಮ ಹೊಲಿಗೆ ಅಂಗಡಿಗೆ ಐವತ್ತು ಎತ್ತಿಡಿ!” ಎಂದ.

“ಬೇಡ ಅನ್ನಯ್ಯಾ ಅಂದ್ರೆ ಐವತ್ತು ಕೇಳ್ತೀಯಲ್ಲ!”

“ಗಿರಾಕಿ ಅಂದ್ಮೇಲೆ ಒಂದು ಗತ್ತು ಬೇಡ್ವೇನಣ್ಣಾ?”

ಇಳಿಯಿತೇನೋ ಎಂದು ರಿಪೇರಿಯಣ್ಣ ಮೂಗು ಹಿಡಿದು, ದನಿ ಬದಲಿಸಿ ತಾನೇ ನಾಲ್ಕು ಸಲ ವಿಚಾರಿಸಿದ. ರೇಟು ಜ್ವರ ಏರಿದಂತೆ ಏರಿ ಮಧ್ಯಾಹ್ನಕ್ಕೆ ಐದು ಸಾವಿರ ಮುಟ್ಟಿತು. ಇನ್ನು ತಡೆದರೆ ಕೆಲಸ ಕೈತಪ್ಪುತ್ತದೆ ಎಂದು ಹೆದರಿ ಓಡಿದ.

“ಇದ್ದದ್ದೆಲ್ಲ ಒಬ್ಬ ದೊಡ್ಡ ಗಿರಾಕಿಗೆ ಎತ್ತಿಟ್ಟಿದ್ದೀನಿ. ನಿಮ್ಮ ಅದೃಷ್ಟ, ಈಗಷ್ಟೇ ಇನ್ನು ಹತ್ತು ಬಂತು. ವಾಪಸ್ ತಗೊಳ್ಳಲ್ಲ ನೋಡಿ,” ಎಂದು ಸಾಹುಕಾರ ಪೊಟ್ಟಣ ಕೊಟ್ಟ.

ಶಾಲೆಯ ಅಂಗಳದಲ್ಲಿ ಮಕ್ಕಳು ಹೊಸ ಚೆಂಡುಗಳ ಹಿಂದೆ ಕೇಕೆ ಹಾಕುತ್ತಿದ್ದರು. ಹೆಡ್‌ಮಿಸ್ಟ್ರೆಸ್ ನಗುತ್ತಲೇ ಎದುರಾದರು.

“ಈಗ ಚಿಪ್ ಹಾಕೋದು ಬೇಡ ಕಣಪ್ಪಾ! ಚಿಪ್‌ಗೆ ಏನು ಬೇಡಿಕೆ ಅಂತೀಯ! ಟೈಲರ್‌ಗಳಿಗೂ ಐವತ್ತೈವತ್ತು ಬೇಕಂತೆ! ಸಾಹುಕಾರ ಕೇಳಿದ ಅಂತ ನಮ್ಮ ಹತ್ತು ಕಂಪ್ಯೂಟರ್‌ನಲ್ಲಿ ಇದ್ದದ್ದನ್ನೂ ಕಿತ್ತು ಮೂರು ಸಾವಿರದ ಹಾಗೆ ಕೊಟ್ಬಿಟ್ವಿ. ಆ ದುಡ್ಡಲ್ಲೇ ಚೆಂಡು ತಂದ್ವಿ, ರೇಟ್ ಇಳಿಯೋ ತನಕ ಮಕ್ಕಳು ಆಡ್ಕೊಳ್ಳಲಿ!”

ರಿಪೇರಿಯಣ್ಣ ಮೆಲ್ಲನೆ ಪೊಟ್ಟಣ ಬಿಚ್ಚಿದ. ಹತ್ತು ಚಿಪ್‌ಗಳ ಮೇಲೂ ಶಾಲೆಯ ಮೊಹರು ಹೊಳೆಯುತ್ತಿತ್ತು.