ಶಾಲೆ ಬಿಟ್ಟ ಮಗುವಿನ ಪಾತ್ರ ಮಾಡಿದ ಮೇಷ್ಟ್ರ ಬಿನ್ನಹ

ಶಿಕ್ಷಕರ ತರಬೇತಿಯ ಸಂಪನ್ಮೂಲ ವ್ಯಕ್ತಿಗಳಾದ ಮಾನ್ಯರೇ,

ದೊಡ್ಡಬಳ್ಳಾಪುರದ ಸಭಾಂಗಣದಲ್ಲಿ ತಾವು ಕಲಿಸಿದ, ಹನಿಯಿಂದ ಜಡಿಮಳೆಯವರೆಗೆ ಸದ್ದು ಏರಿಸುವ ಮಳೆ ಚಪ್ಪಾಳೆಯಿಂದ ಅಂಗೈ ಇನ್ನೂ ಚುರುಗುಟ್ಟುತ್ತಿರುವಾಗಲೇ, ಅದೇ ಎರಡು ಕೈ ಜೋಡಿಸಿ ತಮಗೆ ನಮಸ್ಕರಿಸುತ್ತೇನೆ. ನಾನು ರಾಜಘಟ್ಟದಾಚೆಯ ಒಂದು ಊರಿನ ಸರ್ಕಾರಿ ಶಾಲೆಯ ಮೇಷ್ಟ್ರು. ಮುಖ್ಯೋಪಾಧ್ಯಾಯ, ಸಹಶಿಕ್ಷಕ, ಗಂಟೆ ಹೊಡೆಯುವವ ಎಲ್ಲವೂ ನಾನೊಬ್ಬನೇ ಆದ್ದರಿಂದ, ನಾನು ತರಬೇತಿಗೆ ಹೊರಟರೆ ಶಾಲೆಗೆ ಬೀಗ ಬೀಳುತ್ತದೆ.

ಕಳೆದ ವಾರದ ತರಬೇತಿಯ ವಿಷಯ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು. ಎಂಥ ಸಮಯೋಚಿತ ವಿಷಯ! ಕುಳ್ಳಗಿದ್ದೇನೆಂಬ ಒಂದೇ ಅರ್ಹತೆಯ ಮೇಲೆ ತಾವು ನನಗೆ ಶಾಲೆ ಬಿಟ್ಟ ಮಗುವಿನ ಪಾತ್ರ ಕೊಟ್ಟಿರಿ. ನಾನಿಲ್ಲದಾಗ ನನ್ನ ಶಾಲೆಯ ಬಾಗಿಲು ತೆರೆಯಬೇಕಿದ್ದ ಪಕ್ಕದೂರಿನ ಭೀಮರಾಜ್ ಮೇಷ್ಟ್ರು, ಅವರನ್ನೂ ತಾವು ಅದೇ ತರಬೇತಿಗೆ ಕರೆಸಿದ್ದರಿಂದ, ಟವೆಲನ್ನು ಸೆರಗು ಮಾಡಿಕೊಂಡು ನನ್ನ ತಾಯಿಯಾಗಿ ನಿಂತರು. ಉಳಿದವರು ತಟ್ಟೆ ಬಡಿಯುತ್ತ, ಹಾಡುತ್ತ ಬಂದು ಕರೆದಾಗ ನನಗೆ ನಿಜಕ್ಕೂ ಶಾಲೆಗೆ ಹೋಗಬೇಕೆನಿಸಿತು. ಅಷ್ಟರಲ್ಲಿ ತಾವು ಊಟಕ್ಕೆ ಬಿಟ್ಟಿರಿ.

ಅದೇ ಹೊತ್ತಿನಲ್ಲಿ ನನ್ನ ಮೂರನೇ ತರಗತಿಯ ಸಿಂಚನ ಬೀಗ ಹಾಕಿದ ಗೇಟಿನ ಮುಂದೆ ಬ್ಯಾಗು ಹೊತ್ತು ನಿಂತಿದ್ದಳಂತೆ. ಒಂದಿಡೀ ಪುಟವನ್ನು ತಡವರಿಸದೆ ಓದಲು ಆಗಷ್ಟೇ ಕಲಿತಿದ್ದ ಹುಡುಗಿ. ವಾರವಿಡೀ ಬಂದು ಹೋಗಿ ಬೇಸತ್ತು, ಈಗ ಅಜ್ಜಿಯ ಮಗ್ಗದ ಮನೆಯಲ್ಲಿ ನೂಲು ಸುತ್ತಲು ಕೂತಿದ್ದಾಳೆ. ನಾನು ಕರೆಯಲು ಹೋದಾಗ ಅವಳ ತಾಯಿ ಶಾಮಲಾ, "ಮೊದ್ಲು ನೀವು ಕಲ್ತು ಮುಗಿಸ್ಬಿಡಿ ಮೇಷ್ಟ್ರೇ, ಆಮೇಲೆ ಮಗೂನ ಕಳಿಸ್ತೀನಿ" ಎಂದುಬಿಟ್ಟರು. ಇಂಥ ತಾಯಿ ತರಬೇತಿಯ ತಮ್ಮ ಸ್ಲೈಡುಗಳಲ್ಲಿ ಎಲ್ಲೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಆದಕಾರಣ ಮುಂದಿನ ತರಬೇತಿಯನ್ನು ನಮ್ಮ ಶಾಲೆಯ ಜಗಲಿಯಲ್ಲೇ ನಡೆಸಬೇಕೆಂದು ಕೋರುತ್ತೇನೆ. ಮಕ್ಕಳ ಪಾತ್ರಕ್ಕೆ ಮಕ್ಕಳೇ ಸಿಗುತ್ತಾರೆ. ಮೇಷ್ಟ್ರ ಪಾತ್ರವನ್ನು ದಯಮಾಡಿ ನನಗೇ ಕೊಡಿ, ತಕ್ಕಮಟ್ಟಿಗೆ ಮಾಡಬಲ್ಲೆ. ಅದಾಗದಿದ್ದರೆ ತಾವೇ ತಟ್ಟೆ ಬಡಿಯುತ್ತ ಸಿಂಚನಳ ಅಜ್ಜಿಯ ಮಗ್ಗದ ಮನೆಗೆ ದಯಮಾಡಿಸಬೇಕು. ಮಗ್ಗದ ಸದ್ದಿಗಿಂತ ಜೋರಾಗಿ ಹಾಡಬೇಕಾಗುತ್ತದೆ, ಅಷ್ಟೇ.

ತಮ್ಮ ವಿಶ್ವಾಸಿ, ಪ್ರಮಾಣಪತ್ರ ಪಡೆದ ಶಾಲೆ ಬಿಟ್ಟ ಮಗು,
ಆವಲಪ್ಪ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ತಮ್ಮ ಆದೇಶ ಬಂತು. ಸೋಮವಾರದಿಂದ ಮತ್ತೆ ತರಬೇತಿ. ವಿಷಯ, ಹಿಂದಿನ ತರಬೇತಿಯಿಂದ ಮಕ್ಕಳಿಗಾದ ಪ್ರಯೋಜನ. ಖಂಡಿತ ಬಂದು ಸಿಂಚನಳ ಉದಾಹರಣೆ ಕೊಡುತ್ತೇನೆ. ಅವಳ ಕೈ ಈಗ ನೂಲಿಗೆ ಚೆನ್ನಾಗಿ ಪಳಗಿದೆ.