ಎರಡು ಸಲ ಬಂದ ಸ್ಕಾಲರ್‌ಶಿಪ್ಪು

ಸರ್ಕಾರದಿಂದ ದುಡ್ಡು ಪಡೆಯಲು ಕಚೇರಿ ಕಚೇರಿ ಅಲೆದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸರ್ಕಾರಕ್ಕೆ ದುಡ್ಡು ವಾಪಸು ಕೊಡಲು ಅಲೆದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಅನುಮಾನಕ್ಕೆ ಗುರಿಯಾದ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಅವರು ವಾಪಸು ಕೊಡಲು ಹೊರಟ ದುಡ್ಡು ನನ್ನದು!

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಮುತ್ತಿನಕೊಪ್ಪಕ್ಕೆ, ತನ್ನ ಅಣ್ಣನ ಮನೆಗೆ ಬಂದಳು. ಮಾವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಯಾರೂ ನೆನಪು ಮಾಡ್ಲಿಲ್ಲ" ಎನ್ನುತ್ತಿದ್ದರು. ಅವರ ಕೆಲಸ ತೋಟಗಳಿಗೆ ಮದ್ದು ಹೊಡೆಯುವುದು. ಅಡಿಕೆ ಮರದ ತುದಿ ಹತ್ತಿ, ಮೈಲುತುತ್ತ ಸುಣ್ಣ ಕಲಸಿದ ಮದ್ದನ್ನು ಗೊನೆಗಳಿಗೆ ಸಿಂಪಡಿಸಿ, ಇಳಿಯದೆ ಪಕ್ಕದ ಮರಕ್ಕೆ ದಾಟಿಕೊಳ್ಳುವುದು. ಮಳೆಗಾಲವಿಡೀ ಅವರ ಉಗುರು ನೀಲಿ. ಬೆರಳಿನ ಗೆರೆಗಳು ಸವೆದು ನುಣ್ಣಗಾಗಿದ್ದರಿಂದ ಹೆಬ್ಬೆಟ್ಟು ಓದುವ ಬ್ಯಾಂಕಿನ ಯಂತ್ರ ಅವರನ್ನು ಮನುಷ್ಯ ಎಂದೇ ಒಪ್ಪುತ್ತಿರಲಿಲ್ಲ. ಮಾವ ಬೇಸರ ಮಾಡಿಕೊಳ್ಳದೆ ಯಂತ್ರಕ್ಕೆ "ಇನ್ನೊಂದು ಸಲ ನೋಡು" ಎನ್ನುತ್ತಿದ್ದರು.

ನಾನು ಕೊಪ್ಪದ ಪಕ್ಕದ ಬಾಳಗಡಿಯ ಕಾಲೇಜಿಗೆ ಬಿ.ಕಾಂ. ಸೇರಿದ ವರ್ಷ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕಿತ್ತು. ಮೊದಲು ಬೇಕಾದದ್ದು ಆದಾಯ ಪ್ರಮಾಣಪತ್ರ. ಗ್ರಾಮ ಲೆಕ್ಕಿಗರು ವಿಚಾರಣೆಗೆ ಮನೆಗೇ ಬಂದು ಜಗಲಿಯ ಮೇಲೆ ಕೂತು, "ವರ್ಷಕ್ಕೆ ಎಷ್ಟು ದುಡೀತೀರಿ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಲೋಕದ ಜನ ಏನು ಮಾಡುತ್ತಾರೆ? ಮುಖ ಸಣ್ಣ ಮಾಡಿ ಒಂದು ಸಣ್ಣ ಮೊತ್ತ ಹೇಳುತ್ತಾರೆ. ಮಾವ ಗೋಡೆಗೆ ಒರಗಿ ಕೂತು, "ಬರ್ಕಳಿ" ಎಂದರು. ಮದ್ದು ಹೊಡೆದ ಕೂಲಿ, ಕೊಯ್ಲಿನ ಕೂಲಿ, ಬೇಲಿ ಕಟ್ಟಿದ್ದು, ಯಾರದೋ ಬಾವಿಗೆ ಬಿದ್ದ ಕೊಡಪಾನ ಎತ್ತಿಕೊಟ್ಟಾಗ ಸಿಕ್ಕಿದ ಐವತ್ತು ರೂಪಾಯಿ, ಎಲ್ಲ ಬರೆಸಿದರು. ಲೆಕ್ಕಿಗರು ಪೆನ್ನು ಮುಚ್ಚುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಒಂದು ಬಾಟ್ಲಿ ಜೇನುತುಪ್ಪನೂ ಕೊಟ್ಟಿದ್ರು. ಅದರ ರೇಟು ನಂಗೆ ಗೊತ್ತಿಲ್ಲ. ನೀವೇ ವಿಚಾರಿಸಿ ಹಾಕ್ಕಳಿ" ಎಂದರು.

"ಮಾರಾಯ್ರೇ, ಜೇನುತುಪ್ಪಕ್ಕೆ ಕಾಲಂ ಇಲ್ಲ."

"ಹಂಗಾರೆ ಕೆಳಗೆ ಷರಾ ಬರೀರಿ."

ಅಷ್ಟೆಲ್ಲ ಸೇರಿಸಿದರೂ ನಮ್ಮ ಆದಾಯ ಮಿತಿಯೊಳಗೇ ಇತ್ತು. ಪ್ರಮಾಣಪತ್ರ ಸಿಕ್ಕಿತು. ಅದನ್ನು ನೋಡಿ ಮಾವನಿಗೆ ಒಂಚೂರು ನಿರಾಸೆಯಾದ ಹಾಗಿತ್ತು.

ಮುಂದೆ ಆನ್‌ಲೈನ್ ಅರ್ಜಿ. ಮನೆಗೆಲ್ಲ ಇದ್ದದ್ದು ಮಾವನ ಒಂದೇ ಫೋನು, ಅದೂ ಗುಂಡಿ ಒತ್ತುವಂಥದ್ದು. ಅರ್ಜಿಗೆ ಅದೇ ನಂಬರು ಕೊಟ್ಟಿದ್ದೆ. ಕೊಪ್ಪದ ಸೈಬರ್ ಅಂಗಡಿಯಲ್ಲಿ ಕೂತು ಎಲ್ಲ ತುಂಬಿ, ಅಂಗಡಿಯವನ ಫೋನಿನಿಂದ ಮಾವನಿಗೆ ಕರೆ ಮಾಡಿದೆ. ಮಾವ ಅಂದು ಕೆಲಸಕ್ಕೆ ಹೋಗಲು ಬಸ್ಸಿನಲ್ಲಿದ್ದರು.

"ಮಾವ, ಒಂದು ಓಟಿಪಿ ಬಂದಿರ್ತದೆ, ಹೇಳಿ."

"ಬಂದದೆ. ಕಂಡಕ್ಟರ್ ಹತ್ರ ಓದಿಸ್ದೆ. ಹೇಳಕ್ಕಾಗಲ್ಲ."

"ಯಾಕೆ?"

"ಯಾರಿಗೂ ಹೇಳ್ಬೇಡಿ ಅಂತ ಬರ್ದಿದಾರಂತೆ."

"ಮಾವ, ನಾನು!"

"ಯಾರಿಗೂ ಅಂದ್ರೆ ಯಾರಿಗೂ ಮಾರಾಯ್ತಿ."

ಕಂಡಕ್ಟರು ಆ ಸಂದೇಶವನ್ನು ಗಟ್ಟಿಯಾಗಿ ಓದಿದ್ದರು. ಇಡೀ ಬಸ್ಸಿಗೆ ನನ್ನ ಓಟಿಪಿ ಗೊತ್ತಿತ್ತು. ಗೊತ್ತಿಲ್ಲದೇ ಇದ್ದವಳು ನಾನೊಬ್ಬಳೇ! ಕೊನೆಗೆ ಪಕ್ಕದ ಸೀಟಿನ ಅಜ್ಜಿಯೊಬ್ಬರು ಫೋನು ಕಸಿದುಕೊಂಡು ಆರೂ ಅಂಕಿ ಹೇಳಿದರು. ಅವರಿಗೆ ಬಾಯಿಪಾಠವಾಗಿತ್ತು.

ಅಂತೂ ಮೊದಲ ವರ್ಷದ ಸ್ಕಾಲರ್‌ಶಿಪ್ಪು ಬಂತು. ಎರಡನೇ ವರ್ಷದ್ದೂ ಬಂತು. ನಾಲ್ಕು ದಿನ ಬಿಟ್ಟು ಎರಡನೇ ವರ್ಷದ್ದು ಇನ್ನೊಮ್ಮೆ ಬಂತು! ಅಷ್ಟೇ ಮೊತ್ತ, ಪೈಸೆ ವ್ಯತ್ಯಾಸವಿಲ್ಲದೆ. ನಾನು ಅಮ್ಮನನ್ನು ಹಿಡಿದು ಒಂದು ಸುತ್ತು ತಿರುಗಿಸಿದೆ. ಪರೀಕ್ಷೆ ಫೀಸಿಗೆ ಆಯಿತು, ಎರಡು ಚೂಡಿದಾರಕ್ಕೆ ಆಯಿತು, ಅಮ್ಮನ ಕನ್ನಡಕಕ್ಕೂ ಆಯಿತು ಎಂದು ಮನಸ್ಸಿನಲ್ಲೇ ಹಂಚಿ ಮುಗಿಸಿದೆ. ಮಾವ ಫೋನನ್ನು ಬೆಳಕಿಗೆ ಹಿಡಿದು ಎರಡೂ ಸಂದೇಶವನ್ನು ಹೋಲಿಸಿ ನೋಡಿದರು.

"ಇದು ನಿಂದಲ್ಲ" ಎಂದರು.

"ನನ್ನ ಖಾತೆಗೇ ಬಂದಿದೆ ಮಾವ."

"ನಿಂಗೆ ಎರಡು ಸಲ ಬಂತು ಅಂದ್ರೆ ಇನ್ಯಾರಿಗೋ ಒಂದು ಸಲನೂ ಬಂದಿಲ್ಲ ಅಂತ. ಅಲ್ಲಿ ಕೂತು ಎಣಿಸಿ ಕೊಟ್ಟವನು ಕವರು ಬದಲು ಮಾಡಿದಾನೆ."

ಅಲ್ಲಿ ಯಾರೂ ಕೂತು ಎಣಿಸುವುದಿಲ್ಲ, ಎಲ್ಲ ಕಂಪ್ಯೂಟರು ಎಂದೆ. "ಅದನ್ನ ಒತ್ತೋನು ಒಬ್ಬ ಇರ್ತಾನಲ್ಲ" ಎಂದರು. ಬಿ.ಕಾಂ.ನಲ್ಲಿ ಆ ಒತ್ತುವವನ ವಿಷಯ ಕಲಿಸಿರಲಿಲ್ಲ.

ಮರುದಿನ ಮಾವ ತೊಳೆದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರು, "ಬಂದ ದುಡ್ಡು ಬೇಡ ಅನ್ನೋಕೆ ನಮ್ಮಲ್ಲಿ ಫಾರಂ ಇಲ್ಲ" ಎಂದರು. ಅಲ್ಲಿಂದ ಕೊಪ್ಪದ ಒಂದು ಕಚೇರಿಗೆ ಹೋದರು. "ಸರ್ಕಾರದ ದುಡ್ಡು ತಪ್ಪಿ ನಮಗೆ ಬಂದದೆ, ವಾಪಸ್ ತಗಳಿ" ಎಂದು ಇವರು ಹೇಳಿದ ಕೂಡಲೇ ಗುಮಾಸ್ತರು ಎದ್ದು ನಿಂತು, ಮೇಜಿನ ಮೇಲಿದ್ದ ಬೋಂಡವನ್ನು ಡ್ರಾಯರಿಗೆ ತಳ್ಳಿ, "ಸಾರ್, ಕೂತ್ಕಳಿ ಸಾರ್" ಎಂದರಂತೆ. ಮೇಲಿನಿಂದ ಯಾರೋ ತನಿಖೆಗೆ ವೇಷ ಮರೆಸಿಕೊಂಡು ಬಂದಿದ್ದಾರೆಂದು ಅವರು ತಿಳಿದಿದ್ದರು. ಮಾವ ಆ ಕಚೇರಿಯನ್ನು ಬಹಳ ಹೊಗಳಿದರು. ಕಾಫಿಯನ್ನೂ ಕೊಟ್ಟಿದ್ದರಂತೆ. ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಆ ದುಡ್ಡಿನ ನಿಜವಾದ ಒಡತಿಯನ್ನೇ ಹುಡುಕುವುದು ಎಂದು ಮಾವ ತೀರ್ಮಾನಿಸಿದರು. ನನ್ನ ಹೆಸರು ಪವಿತ್ರ, ಇನಿಷಿಯಲ್ಲು ಕೆ. ಇದೇ ಹೆಸರಿನ ಇನ್ನೊಬ್ಬ ಹುಡುಗಿಗೆ ಹೋಗಬೇಕಾದದ್ದು ನನಗೆ ಬಂದಿದೆ ಎನ್ನುವುದು ಅವರ ಸಿದ್ಧಾಂತ. ಮೊದಲು ನಮ್ಮ ಕಾಲೇಜಿಗೇ ಬಂದು, "ಪವಿತ್ರ ಕೆ. ಅಂತ, ದುಡ್ಡು ಬರದೇ ಇರೋ ಹುಡುಗಿ ಯಾರಾದ್ರೂ ಇದಾಳಾ?" ಎಂದು ವಿಚಾರಿಸಿದರು. ನಮ್ಮ ಕಾಲೇಜಿನ ಗುಮಾಸ್ತರು ಕನ್ನಡಕ ತೆಗೆದು, "ದುಡ್ಡು ಬರದೇ ಇರೋರು ಬೇಕಾದಷ್ಟು ಜನ ಇದ್ದಾರೆ. ಪವಿತ್ರನೇ ಆಗ್ಬೇಕಾ?" ಎಂದರಂತೆ.

ನರಸಿಂಹರಾಜಪುರದಲ್ಲಿ ಒಬ್ಬ ಪವಿತ್ರ ಕೆ. ಸಿಕ್ಕಿದಳು. ಮಾವ ನೇರ ಅವಳ ಮನೆಗೇ ಹೋದರು. ಹುಡುಗಿ ಏನು ಓದುತ್ತಾಳೆ, ಅಪ್ಪನ ಕೆಲಸವೇನು, ಆದಾಯ ಎಷ್ಟು ಎಂದು ಕೇಳಿದರು. ಆ ಮನೆಯವರು ಮಣೆ ಹಾಕಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಹುಡುಗಿಗೆ ಸೀರೆ ಉಡಿಸಿ ಕರೆತಂದರು. ಅವಳ ಅಪ್ಪ ನಯವಾಗಿ, "ಹುಡುಗ ಎಂತ ಮಾಡ್ಕಂಡಿದಾನೆ?" ಎಂದು ಕೇಳಿದರು.

"ಹುಡುಗ ಇಲ್ಲ. ದುಡ್ಡಿದೆ" ಎಂದರು ಮಾವ.

ಅಲ್ಲಿಂದ ಅವರು ಹೇಗೆ ಹೊರಗೆ ಬಂದರೆಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಕೇಸರಿಬಾತು ಚೆನ್ನಾಗಿತ್ತು ಎಂದಷ್ಟೇ ಹೇಳುತ್ತಾರೆ.

ಶೃಂಗೇರಿಗೆ ಹೋಗುವಾಗ ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿನ ಕಾಲೇಜಿನಲ್ಲಿ ಒಬ್ಬಳು ಪವಿತ್ರ ಕೆ. ನಿಜವಾಗಿಯೂ ಇದ್ದಳು. ನನ್ನದೇ ವಯಸ್ಸು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಅವಳಮ್ಮ ಲಾಡ್ಜೊಂದರಲ್ಲಿ ಕೋಣೆ ಗುಡಿಸುವ ಕೆಲಸಕ್ಕಿದ್ದರು. "ನಂಗೆ ಎರಡು ವರ್ಷದಿಂದ ಸ್ಕಾಲರ್‌ಶಿಪ್ಪೇ ಬಂದಿಲ್ಲ. ಈ ಸೆಮಿಸ್ಟರ್ ಮುಗಿಸಿ ಬಿಟ್ಬಿಡ್ತೀನಿ. ಲಾಡ್ಜಲ್ಲೇ ಕೆಲಸ ಇದೆ ಅಂದಿದಾರೆ" ಎಂದಳು. ಮಾವನ ಮುಖ ಅರಳಿತು! ಕಾಲೇಜು ಬಿಡುವವಳ ಎದುರು ಹಾಗೆ ನಗಬಾರದೆಂದು ನಾನು ಅವರ ಅಂಗಿ ಜಗ್ಗಿದೆ.

ಆದರೆ ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದರೆ ಕತೆಯೇ ಬೇರೆ. ಅವಳ ಆಧಾರ್ ನಂಬರು ಶಾಲೆಯಲ್ಲಿದ್ದಾಗ ತೆರೆದ ಯಾವುದೋ ಹಳೆಯ ಖಾತೆಗೆ ಜೋಡಣೆಯಾಗಿತ್ತು. ಆ ಖಾತೆ ಮುಚ್ಚಿಹೋಗಿತ್ತು. ಅವಳ ದುಡ್ಡು ಅಲ್ಲಿಗೆ ಹೋಗಿ, ಬಾಗಿಲು ಹಾಕಿದ್ದು ಕಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಅಂದರೆ ನಮಗೆ ಬಂದದ್ದು ಇವಳದಲ್ಲ. ನನಗೆ ನಿರಾಳವಾಯಿತು. "ಬನ್ನಿ ಮಾವ, ಬಸ್ಸಿಗೆ ಹೊತ್ತಾಯ್ತು" ಎಂದೆ.

ಮಾವ ಏಳಲಿಲ್ಲ. "ಜೋಡಣೆ ಬದಲಾಯ್ಸಕ್ಕೆ ಎಂತೆಲ್ಲ ಕಾಗದ ಬೇಕು?" ಎಂದು ಬ್ಯಾಂಕಿನವರನ್ನು ಕೇಳಿದರು. ಆಮೇಲೆ ಆ ಕೆಲಸಕ್ಕೆ ಮೂರು ಸಲ ಶೃಂಗೇರಿಗೆ ಹೋದರು. ಮೂರು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ. ನಾನು ಸಿಟ್ಟಿನಿಂದ, "ಅಷ್ಟೆಲ್ಲ ಯಾಕೆ? ನಮ್ಮ ಹತ್ರ ಇರೋ ದುಡ್ಡನ್ನೇ ಅವಳಿಗೆ ಕೊಟ್ಟುಬಿಡಿ" ಎಂದೆ.

"ಅದು ಅವಳದ್ದಲ್ಲ. ಅವಳದ್ದು ಅವಳಿಗೆ ಬರ್ಬೇಕು. ಬೇರೆಯವರದ್ದು ಕೊಟ್ರೆ ಅವಳೂ ನನ್ ಹಂಗೇ ಊರೂರು ಅಲೀಬೇಕಾಗ್ತದೆ."

ಆ ಹೊತ್ತಿಗೆ ನನ್ನ ಪರೀಕ್ಷೆ ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬಂತು. ಮೊದಲ ಸಲ ಬಂದದ್ದು ಕಾಲೇಜಿನ ಬಾಕಿಗೆ ಹೋಗಿತ್ತು. ಎರಡನೇ ಸಲ ಬಂದದ್ದು ಖಾತೆಯಲ್ಲಿ ಹಾಗೇ ಇತ್ತು. ಮಾವ ಅದನ್ನು ಮುಟ್ಟಲು ಬಿಡಲಿಲ್ಲ. ಊಟಕ್ಕೆ ಕೂತಾಗ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: "ನೀವು ನನ್ನಪ್ಪ ಆಗಿದ್ರೆ ಹಿಂಗೆ ಮಾಡ್ತಿರ್ಲಿಲ್ಲ."

ಅಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ಮಾವ ಉಳಿದ ಅನ್ನವನ್ನು ಮಜ್ಜಿಗೆಗೆ ಕಲಸಿ ಉಂಡು, ತಟ್ಟೆ ತೊಳೆದಿಟ್ಟು ಹೊರಗೆ ಹೋದರು. ಆ ವಾರ ಮಳೆ ಬಿಟ್ಟ ಒಂದೊಂದು ಗಳಿಗೆಯೂ ಅವರು ಮರದ ಮೇಲಿದ್ದರು. ಭಾನುವಾರ ಯಾರದೋ ಮನೆಗೆ ಸೌದೆ ಒಡೆಯಲು ಹೋದರು. ಕೊನೆಯ ದಿನದ ಹಿಂದಿನ ಬೆಳಗ್ಗೆ ನನ್ನ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು. ಒಳಗೆ ಫೀಸಿನಷ್ಟೇ ದುಡ್ಡು. ನೋಟುಗಳ ಅಂಚು ನೀಲಿಯಾಗಿತ್ತು. ನಾನು ಫೀಸು ಕಟ್ಟಿದೆ. ಆಡಿದ್ದು ತಪ್ಪಾಯಿತು ಎಂದು ಹೇಳಲು ಬಾಯಿ ಬರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಶೃಂಗೇರಿಯ ಪವಿತ್ರ ಮಾವನಿಗೆ ಫೋನು ಮಾಡಿದಳು. ಎರಡು ವರ್ಷದ್ದೂ ಒಟ್ಟಿಗೇ ಬಂದಿತ್ತು. ಅವಳು ಅಳುತ್ತಿದ್ದುದು ದೂರದಲ್ಲಿ ಕೂತಿದ್ದ ನನಗೂ ಕೇಳಿಸಿತು. ಮಾವ ಗಂಭೀರವಾಗಿ, "ಎಷ್ಟು ಸಲ ಬಂತು? ಸರಿಯಾಗಿ ನೋಡ್ಕ" ಎಂದರು.

ಮೂರನೇ ವರ್ಷ ನನ್ನ ಸ್ಕಾಲರ್‌ಶಿಪ್ಪು ಬರಲೇ ಇಲ್ಲ. ವಿಚಾರಿಸಿದರೆ, ಹಿಂದಿನ ವರ್ಷ ಹೆಚ್ಚಾಗಿ ಬಂದದ್ದನ್ನು ಈ ವರ್ಷದ್ದಕ್ಕೆ ಹೊಂದಿಸಿಕೊಂಡಿದ್ದಾರೆ ಎಂದು ತಿಳಿಯಿತು. ನಮ್ಮ ಕ್ಲಾಸಿನಲ್ಲಿ ಇನ್ನೂ ಮೂವರಿಗೆ ಹಾಗೆ ಎರಡೆರಡು ಸಲ ಬಂದಿತ್ತಂತೆ! ಒಬ್ಬಳು ಫೋನು ಕೊಂಡಿದ್ದಳು, ಒಬ್ಬನ ಅಣ್ಣ ಬೈಕಿಗೆ ಮುಂಗಡ ಕೊಟ್ಟಿದ್ದ, ಇನ್ನೊಬ್ಬ ಗೋವಾ ನೋಡಿ ಬಂದಿದ್ದ. ಮೂವರೂ ಆಫೀಸಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದರು. ನಾನು ಖಾತೆಯಲ್ಲಿದ್ದ ದುಡ್ಡು ತೆಗೆದು ಕೊನೆಯ ವರ್ಷದ ಫೀಸು ಕಟ್ಟಿ ಬಂದೆ.

ಮಾವನಿಗೆ ಹೇಳಿದಾಗ ಅವರಿಗೇನೂ ಹೆಮ್ಮೆಯಾಗಲಿಲ್ಲ. "ಹಂಗಾರೆ ಆ ಇನ್ನೊಬ್ಬ ಪವಿತ್ರ ಯಾರು?" ಎಂದು ಕೇಳಿದರು.

"ನಾನೇ ಮಾವ. ಮುಂದಿನ ವರ್ಷದ್ದು ಮೊದಲೇ ಬಂದಂಗಾಯ್ತು."

"ಮೊದ್ಲೇ ಹೇಳದಲ್ವ ಮಾರಾಯ್ತಿ! ಬಸ್ ಚಾರ್ಜು ಉಳೀತಿತ್ತು."

ಡಿಗ್ರಿ ಮುಗಿದು ಅಂಕಪಟ್ಟಿ ತರಲು ಕಾಲೇಜಿಗೆ ಹೋದ ದಿನ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಳ್ಳುತ್ತಾ ಗುಮಾಸ್ತರು, "ನಿಮ್ಮ ಮಾವ ಹೇಗಿದ್ದಾರೆ? ಈಗ ಬರೋದೇ ಇಲ್ಲ" ಎಂದರು. ಒಂದು ಸಲ ತಾನೇ ಬಂದದ್ದು ಎಂದೆ. ಅವರು ನಕ್ಕರು. "ಒಂದು ಸಲ ಎಲ್ಲಿ ಬಂತಮ್ಮ? ಆ ವರ್ಷ ಕೊಪ್ಪಕ್ಕೆ ಬಂದಾಗಲೆಲ್ಲ ಇಲ್ಲಿಗೆ ಬರ್ತಿದ್ರು. ಕಾರಿಡಾರಿನ ತುದೀಲಿ ಚಪ್ಪಲಿ ಬಿಟ್ಟು, ನಿಮ್ಮ ಕ್ಲಾಸಿನ ಕಿಟಕಿ ಹತ್ರ ಸ್ವಲ್ಪ ಹೊತ್ತು ನಿಂತು ಹೋಗೋರು. ಕರೀಲಾ ಅಂದ್ರೆ ಬೇಡ ಬೇಡ ಅಂತ ಕೈ ಆಡಿಸೋರು."

ಮನೆಗೆ ಬಂದಾಗ ಮಾವ ಅಂಗಳದಲ್ಲಿ ಕೂತು, ಮದ್ದಿನ ಪೈಪು ಸೋರುವಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಿದ್ದರು. ನಾನು ಎದುರಿಗೆ ಕೂತು ಪೈಪಿನ ಇನ್ನೊಂದು ತುದಿ ಹಿಡಿದುಕೊಂಡೆ.

"ಕಾಲೇಜಿನ ತನಕ ಬಂದೋರು ನನ್ನ ಕರೆಯೋದಲ್ವಾ ಮಾವ?"

ಅವರು ತಲೆ ಎತ್ತಲಿಲ್ಲ. "ಕ್ಲಾಸಿಂದ ಕರ್ಯಕ್ಕೆ ನಂಗಾಗಲ್ಲ" ಎಂದರು. ಟ್ಯೂಬನ್ನು ಇನ್ನೆರಡು ಸುತ್ತು ಬಿಗಿದರು. "ನಿಮ್ಮಮ್ಮನ್ನ ಒಂದು ಸಲ ಕರ್ದಿದ್ದೆ. ಏಳನೇ ಕ್ಲಾಸಲ್ಲಿದ್ಲು. ಅವ್ವಂಗೆ ಹುಷಾರಿರ್ಲಿಲ್ಲ, ಗದ್ದೆ ನಟ್ಟಿಗೆ ಜನ ಸಾಲ್ದು ಅಂತ ಅಪ್ಪ ನನ್ನ ಕಳಿಸಿದ್ರು. ಬಾಗಿಲಲ್ಲಿ ನಿಂತು ಹೆಸರು ಕೂಗ್ದೆ. ಅವಳು ಎಂತದೋ ಬರೀತಿದ್ಲು. ಅರ್ಧಕ್ಕೇ ನಿಲ್ಸಿ, ಪುಸ್ತಕ ಚೀಲಕ್ಕೆ ಹಾಕ್ಕಂಡು ನನ್ನ ಹಿಂದೆ ಬಂದ್ಲು. ಮತ್ತೆ ಹೋಗ್ಲೇ ಇಲ್ಲ."

ನಾನು ಪೈಪು ಹಿಡಿದುಕೊಂಡೇ ಇದ್ದೆ. ಒಳಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

"ನಾ ಬಂದಾಗೆಲ್ಲ ನೀನೂ ಎಂತದೋ ಬರೀತಿದ್ದೆ" ಎಂದರು ಮಾವ. "ಬರ್ಕಳ್ಲಿ ಅಂತ ವಾಪಸ್ ಬಂದೆ."