ಗುಂಜಿಯ ಬೇಲಿಗೆ ಒರಗುವ ಎಮ್ಮೆಯವರಿಗೆ

ಗುಂಜಿಯ ಮದರಬೀ ಅವರ ಕೊಟ್ಟಿಗೆಯಲ್ಲಿ ವಾಸವಾಗಿರುವ ಮಾನ್ಯ ಎಮ್ಮೆಯವರ ಸನ್ನಿಧಿಗೆ,

ಮಾನ್ಯರೇ, ಪಕ್ಕದ ಮನೆಯ ಗಂಗಾದೇವಿಯವರ ತಮ್ಮನು ಬೆಳಗಾವಿಯ ಅನಗೋಳದಿಂದ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ನಮ್ಮ ಹುಲ್ಲುಗಾವಲನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ.

ಅಕ್ಕನ ಆಕಳು ಗಬ್ಬವಾಗಿದೆ. ಅದು ಕರು ಹಾಕುವವರೆಗೆ ಹುಲ್ಲು ಉಳಿಯಲೆಂದು ನಾನು ಭಾನುವಾರಗಳಂದು ಗುಂಜಿಗೆ ರೈಲಿನಲ್ಲಿ ಬಂದು ಬೇಲಿ ಕಟ್ಟಿದೆ. ಮತ್ತಿಯ ಕಂಬಗಳ ತೊಗಟೆ ಸುಲಿದು, ಬುಡವನ್ನು ಕರಕಾಗುವಂತೆ ಸುಟ್ಟು, ಡಾಂಬರು ಬಳಿದು, ಕುಣಿಯಲ್ಲಿ ನಿಲ್ಲಿಸಿ ಸುತ್ತ ಕಲ್ಲು ಜಡಿದೆ. ಮೂಲೆಯ ಕಂಬಗಳಿಗೆ ಓರೆಯಾಗಿ ಆಸರೆ ಕೊಟ್ಟು ಮುಳ್ಳುತಂತಿ ಬಿಗಿದೆ. ಈ ಕಂಬಗಳು ನನಗಿಂತ ಹೆಚ್ಚು ಕಾಲ ನಿಲ್ಲುತ್ತವೆಂಬ, ಅಷ್ಟೇನೂ ಹಿತವಲ್ಲದ ವಿಚಾರವೂ ಸುಳಿದು ಹೋಯಿತು.

ದನ ಒರಗುವ ಬದಿಗೇ ತಂತಿಯಿರಬೇಕು, ಆಗ ಭಾರವನ್ನು ಕಂಬ ಹೊರುತ್ತದೆ, ಇಲ್ಲವಾದರೆ ಮೊಳೆ ಕಿತ್ತು ಬರುತ್ತದೆ ಎಂಬುದು ನನಗೆ ಗೊತ್ತಿತ್ತು; ಅದಕ್ಕೇ ಒಳಬದಿಗೆ ಹೊಡೆದೆ. ಒರಗುವವರು ನಮ್ಮವರಷ್ಟೇ ಎಂದು ತಿಳಿದಿದ್ದೆ. ತಾವು ಹೊರಗಿನಿಂದ ಕುತ್ತಿಗೆ ತಿಕ್ಕಿ ಮೊಳೆಗಳನ್ನು ಬಿಡಿಸಿ, ಅಕ್ಕನೂ ಮದರಬೀ ಅವರೂ ಮೊದಲಿನಿಂದ ಒಬ್ಬರ ಮನೆಗೊಬ್ಬರು ದಾಟಿ ಬರುತ್ತಿದ್ದ ಜಾಗದಲ್ಲೇ ಸರಿಯಾಗಿ, ಒಳಗೆ ದಯಮಾಡಿಸಿದಿರಿ. ತಮ್ಮನ್ನು ಕರೆದೊಯ್ಯಲು ಬಂದ ಮದರಬೀ ಅವರು, "ಬೇಲಿ ಭಾಳ ಚಂದ ಆಗೇತ್ರಿ ಅಕ್ಕಾರ, ನಮ್ಮ ಎಮ್ಮಿ ನೋಡಾಕ ಬಂದಿತ್ತು" ಎಂದರು.

ಮರುವಾರ ತಂತಿಯನ್ನು ಹೊರಬದಿಗೆ ಹೊಡೆದೆ. ತಾವು ಒರಗಿದಿರಿ, ಬೇಲಿ ಅಲುಗಲಿಲ್ಲ. ಆದರೆ ತಮ್ಮ ಸಹವಾಸದ ರುಚಿ ಕಂಡಿದ್ದ ನಮ್ಮ ಆಕಳು ಈಗ ಒಳಗಿನಿಂದ ಒರಗಿ ತಮಗೆ ದಾರಿ ಮಾಡಿಕೊಟ್ಟಿತು, ಇಬ್ಬರೂ ಸಾವಕಾಶವಾಗಿ ಮೇದಿರಿ. "ತಮ್ಮಾ, ಆಕಳ ಈಯೂದ್ರೊಳಗ ಹುಲ್ಲು ಮುಗದ್ರ ನೀನ ಬೆಳಗಾವಿಯಿಂದ ರೈಲಿನ್ಯಾಗ ಹೊತ್ಕೊಂಡು ಬರಬೇಕಾಗ್ತೈತಿ ನೋಡು" ಎಂದು ಅಕ್ಕ ತಣ್ಣಗೆ ಹೇಳಿದಳು.

ಮೊಳೆಗಳ ವಿಷಯದಲ್ಲಿ ತಮ್ಮ ಪಾಂಡಿತ್ಯಕ್ಕೆ ತಲೆಬಾಗುತ್ತ, ತಾವಿಬ್ಬರೂ ಕೂತು ಚರ್ಚಿಸಿ, ಇನ್ನು ಮುಂದೆ ಒಂದೇ ಬದಿಯಿಂದ ಒರಗುವುದೆಂದು ತೀರ್ಮಾನಿಸಬೇಕಾಗಿ ಕೋರುತ್ತೇನೆ. ಯಾವ ಬದಿಯಾದರೂ ನನಗೆ ಸಮ್ಮತ. ಉತ್ತರ ಬಾರದಿದ್ದಲ್ಲಿ ಎರಡೂ ಬದಿಗೆ ತಂತಿ ಹೊಡೆಯುವ ಒರಟುತನಕ್ಕೆ ಇಳಿಯಬೇಕಾದೀತು.

ಇಂತು ತಮ್ಮ ವಿಶ್ವಾಸಿ,
ಎರಡೂ ಕಡೆಯಿಂದ ಒರಗಿಸಿಕೊಂಡವನು

ತಾ.ಕ.: ಉತ್ತರ ಬರಲಿಲ್ಲ, ಎರಡೂ ಬದಿಗೆ ಹೊಡೆದೆ. ಹುಲ್ಲು ಉಳಿಯಿತು, ಆಕಳು ಹೆಣ್ಣುಗರು ಹಾಕಿತು. ಆದರೆ ಬಿಸಿ ಗಿಣ್ಣದ ಪಾತೇಲಿ ಹಿಡಿದು ಮದರಬೀ ಅವರ ಮನೆಗೆ ಹೊರಟ ಅಕ್ಕ, ನನ್ನ ಗಟ್ಟಿ ಬೇಲಿಯ ದೆಸೆಯಿಂದ ಸ್ಟೇಶನ್ ರಸ್ತೆಯನ್ನು ಸುತ್ತಿ ಹೋಗಿ, ಬಂದಾಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಹಳೆಯ ಜಾಗದಲ್ಲೇ ಒಂದು ಸಂದು ಬಿಡುವವನಿದ್ದೇನೆ, ಅಕ್ಕ ಪಾತೇಲಿಯೊಂದಿಗೆ ದಾಟುವಷ್ಟು ಅಗಲ, ತಮ್ಮ ಹೊಟ್ಟೆಗಿಂತ ತುಸು ಕಿರಿದು. ದಯವಿಟ್ಟು ಭಾನುವಾರ ಅಳತೆ ಕೊಡಲು ಬರಬೇಕು. ಬರುವಾಗ ಏನನ್ನೂ ತಿಂದಿರಬಾರದೆಂದೇನಿಲ್ಲ, ಹೊಟ್ಟೆ ತುಂಬಿದ್ದರೇ ಒಳ್ಳೆಯದು, ಅಕ್ಕನಿಗೆ ದಾರಿ ಅಷ್ಟು ಅಗಲವಾಗುತ್ತದೆ.